‘ಇಲ್ಲ’ ಎಂಬುದರ ಅರ್ಥವೇನು?

ಪಕ್ಷಮಾಸದಲ್ಲಿ ಪಿಂಡಪ್ರದಾನವನ್ನು ನೋಡುತ್ತ ಕುಳಿತ ಮಗುವು “ಅಜ್ಜ ಎಲ್ಲಿ?” ಎಂದು ಕೇಳಿದರೆ “ಅಜ್ಜ ಇಲ್ಲ” ಎನ್ನುತ್ತೇವೆ. “ಇಲ್ಲದವರಿಗೆ ಅನ್ನವೇಕೆ?” ಎಂದು ಅದು ಮತ್ತೆ ಕೇಳಿದರೆ ಉತ್ತರ ಸುಲಭವಲ್ಲ. ಆದುದರಿಂದ ‘ಇಲ್ಲ’ ಎಂಬ ಮಾತನ್ನು ಶಾಸ್ತ್ರದೃಷ್ಟಿಯಿಂದ ಕೊಂಚ ವಿಚಾರಿಸೋಣ.

ಬರಿಯ ಶೂನ್ಯವನ್ನು ಮನಸ್ಸಿಗೆ ತಂದುಕೊಳ್ಳಲು ಯತ್ನಿಸಿರಿ. ಬೆಳಕನ್ನು ಕಳೆದರೆ ಕತ್ತಲೆ ಉಳಿಯುತ್ತದೆ. ವಸ್ತುಗಳನ್ನು ಕಳೆದರೆ ಬಯಲು ಉಳಿಯುತ್ತದೆ. ಬಯಲನ್ನೂ ಕಳೆಯಹೋದರೆ ಕಳೆಯುವವನಾದರೂ ಉಳಿಯುತ್ತಾನೆ. ಗಾಢನಿದ್ರೆಯಿಂದ ಎದ್ದವನು “ಏನೂ ಅರಿಯದೆ ಸುಖವಾಗಿ ಮಲಗಿದ್ದೆ” ಎನ್ನುವನಷ್ಟೆ. ಆ ಅರಿಯದಿರುವಿಕೆಯನ್ನೂ ಆ ಸುಖವನ್ನೂ ಕಂಡ ಸಾಕ್ಷಿಯು ಒಳಗೆ ಇದ್ದುದರಿಂದಲೇ ಆ ಮಾತು ಹೊರಟಿತು. ಸರ್ವವೂ ಶೂನ್ಯವೆಂಬ ವಾದವು ಇಲ್ಲಿಯೇ ಎಡವುತ್ತದೆ. ಶೂನ್ಯವನ್ನು ತಿಳಿಯುವವನೊಬ್ಬನು ಬೇಕಲ್ಲವೆ?

ಹಾಗಾದರೆ ‘ಇಲ್ಲ’ ಎಂಬುದು ಸುಳ್ಳೆ? ಅಲ್ಲ. ಬೇಸಿಗೆಯಲ್ಲಿ ಕೃಷ್ಣೆಯ ಒಣಗಿದ ಪಾತ್ರದಲ್ಲಿ ನಿಂತು “ನೀರಿಲ್ಲ” ಎನ್ನುವವನ ಮಾತು ನಿಜವೇ. ಆದರೆ ಅವನು ಕಂಡದ್ದು ಶೂನ್ಯವನ್ನಲ್ಲ, ನೀರಿನ ಅಭಾವವನ್ನು. ‘ಇಲ್ಲ’ ಎಂದಲ್ಲೆಲ್ಲ ‘ಯಾವುದು ಇಲ್ಲ?’ ಎಂಬ ಪ್ರಶ್ನೆಗೆ ಉತ್ತರವಿರಲೇಬೇಕು. ಮೊದಲ ತಿಳಿವಿನಲ್ಲಿಯೇ ‘ಇದೆ’ ಎಂದು ತೋರುವುದು ಭಾವ, ‘ಇಲ್ಲ’ ಎಂದು ತೋರುವುದು ಅಭಾವ ಎಂದು ಶ್ರೀಜಯತೀರ್ಥರು ವಿವರಿಸಿರುವರು.

ಶ್ರೀಮದಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಅಭಾವವನ್ನು ಅಸ್ವತಂತ್ರ ತತ್ತ್ವದಲ್ಲಿ ಸೇರಿಸಿ ಮೂರು ವಿಧವಾಗಿ ಎಣಿಸಿದ್ದಾರೆ. ಗಾಣದಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಬೆಲ್ಲವು ಇನ್ನೂ ಇಲ್ಲ, ಇದು ಪ್ರಾಗಭಾವ. ಬೆಲ್ಲವು ಹುಟ್ಟಿದೊಡನೆ ಇದು ಮುಗಿಯುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯು ಉಕ್ಕಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನದೀತೀರದ ಊರುಗಳಲ್ಲಿ ಮನೆಗಳು ಬಿದ್ದವು. ಬಿದ್ದ ಮನೆ ಈಗ ಇಲ್ಲ, ಇದು ಪ್ರಧ್ವಂಸಾಭಾವ. ಅಲ್ಲಿಯೇ ಹೊಸ ಮನೆಯನ್ನು ಕಟ್ಟಿದರೂ ಹಳೆಯದು ಮರಳದು; ಈ ಅಭಾವಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೊಲದ ಕೊಂಬು ಎಂದೂ ಇರಲಿಲ್ಲ, ಎಂದೂ ಇರದು, ಇದು ಸದಾಭಾವ.

ಇನ್ನು ಮಗುವಿನ ಪ್ರಶ್ನೆಗೆ ಬರೋಣ. “ಅಜ್ಜ ಇಲ್ಲ” ಎಂಬುದು ಇವುಗಳಲ್ಲಿ ಯಾವುದು? ದೇಹಕ್ಕೆ ಪ್ರಧ್ವಂಸವುಂಟು, ಆದ್ದರಿಂದ ನಮ್ಮ ದುಃಖವು ಸುಳ್ಳಲ್ಲ. ಆದರೆ ಜೀವನು ಅನಾದಿ, ನಿತ್ಯ. ಅವನಿಗೆ ಪ್ರಾಗಭಾವವೂ ಇಲ್ಲ, ಪ್ರಧ್ವಂಸವೂ ಇಲ್ಲ. ತಂದೆಗೆಂದು ಇಡುವ ಪಿಂಡವು ವಸುಗಳ ಅಂತರ್ಯಾಮಿಯಾದ ಪ್ರದ್ಯುಮ್ನನಿಗೆ ಸಮರ್ಪಿತವಾಗುವುದು, ಶೂನ್ಯಕ್ಕಲ್ಲ.

ಆದುದರಿಂದ ಮಕ್ಕಳಿಗೆ ಹೀಗೆ ಹೇಳೋಣ: “ಅಜ್ಜ ಈ ಮನೆಯಲ್ಲಿ, ಆ ದೇಹದಲ್ಲಿ ಇಲ್ಲ, ಅಜ್ಜನೇ ಇಲ್ಲವೆಂದಲ್ಲ.”

ಶ್ರೀಕೃಷ್ಣಾರ್ಪಣಮಸ್ತು.