ಅಂಕಿ-ಅಂಶಗಳ ವಿಶ್ಲೇಷಣೆ ಫಲ ಕೊಡುವುದು ಯಾವಾಗ?

ಮಾರಾಟ, ದಾಸ್ತಾನು, ಸಾಲ, ವಸೂಲಿಗಳ ವಿವರವೆಲ್ಲ ಗಣಕಯಂತ್ರದಲ್ಲಿ ಶೇಖರವಾದ ಮಾತ್ರಕ್ಕೆ ಉದ್ಯಮವೊಂದಕ್ಕೆ ತನ್ನ ನಿಜಸ್ಥಿತಿ ತಿಳಿಯುತ್ತದೆಂದು ಭಾವಿಸುವಂತಿಲ್ಲ. ದತ್ತಾಂಶ ವಿಶ್ಲೇಷಣೆಗೆಂದು ಹಣ ಹೂಡಿ, ತಜ್ಞರನ್ನು ನೇಮಿಸಿ, ಬಣ್ಣಬಣ್ಣದ ನಕ್ಷೆಗಳನ್ನು ಪಡೆದು, ಕೊನೆಗೆ ಹಳೆಯ ಅಂದಾಜಿನಂತೆಯೇ ವ್ಯವಹಾರ ನಡೆಸುವ ಸಂಸ್ಥೆಗಳು ವಿರಳವಲ್ಲ. ಇಂತಹ ಯೋಜನೆಗಳು ಸೋಲುವುದು ಹೆಚ್ಚಾಗಿ ಯಂತ್ರದ ದೋಷದಿಂದಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು, ಉತ್ತರ ಬಂದ ಮೇಲೆ ಯಾರು ಏನು ಮಾಡಬೇಕು ಎಂಬುದು ಮೊದಲೇ ನಿಶ್ಚಯವಾಗಿರುವುದಿಲ್ಲ. ಮುಂಬಯಿಯ ಕೋಟೆ ಪ್ರದೇಶದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ರಿಸರ್ವ್ ಬ್ಯಾಂಕಿನ ಅನುಭವ ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

2010ರ ನಂತರದ ವರ್ಷಗಳಲ್ಲಿ ದೊಡ್ಡ ಉದ್ಯಮಗಳಿಗೆ ನೀಡಿದ ಸಾಲಗಳು ಬ್ಯಾಂಕುಗಳಿಗೆ ಹೊರೆಯಾಗತೊಡಗಿದ್ದವು. ಒಂದೇ ಉದ್ಯಮವು ಹಲವು ಬ್ಯಾಂಕುಗಳಿಂದ ಸಾಲ ಪಡೆದಿರುವುದು ಸಾಮಾನ್ಯ. ದಾಖಲೆಗಳಿಗೇನೂ ಕೊರತೆಯಿರಲಿಲ್ಲ, ಆದರೆ ಪ್ರತಿ ಬ್ಯಾಂಕಿಗೂ ಕಾಣುತ್ತಿದ್ದುದು ತನ್ನ ಪಾಲು ಮಾತ್ರ. ಒಂದು ಬ್ಯಾಂಕು ಅನುತ್ಪಾದಕವೆಂದು ಬರೆದುಕೊಂಡ ಸಾಲಗಾರನ ಖಾತೆಯನ್ನು ಮತ್ತೊಂದು ಬ್ಯಾಂಕು ಉತ್ತಮ ಖಾತೆಯೆಂದು ತೋರಿಸುತ್ತಿದ್ದುದೂ ಉಂಟು.

2014ರಲ್ಲಿ ರಿಸರ್ವ್ ಬ್ಯಾಂಕು ಬೃಹತ್ ಸಾಲಗಳ ಕೇಂದ್ರೀಯ ಮಾಹಿತಿ ಭಂಡಾರವನ್ನು ಸ್ಥಾಪಿಸಿತು. ಐದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲದ ಹೊಣೆಯುಳ್ಳವರಲ್ಲಿ ಸಂಕಷ್ಟದತ್ತ ಸಾಗುತ್ತಿರುವವರು ಯಾರು ಎಂಬುದೇ ಅದರ ಮುಖ್ಯ ಪ್ರಶ್ನೆ. ಅಳತೆಗೋಲೂ ಎಲ್ಲ ಬ್ಯಾಂಕುಗಳಿಗೆ ಒಂದೇ ಆಗಿತ್ತು: ಬಾಕಿ ಬಿದ್ದು 31ರಿಂದ 60 ದಿನಗಳಾದ ಸಾಲಕ್ಕೆ ಒಂದು ವರ್ಗ, 61ರಿಂದ 90 ದಿನಗಳಾದುದಕ್ಕೆ ಇನ್ನೊಂದು. ಎರಡನೆಯ ವರ್ಗಕ್ಕೆ ಇಳಿದ ಸಾಲದ ಒಟ್ಟು ಮೊತ್ತ ನೂರು ಕೋಟಿ ಅಥವಾ ಹೆಚ್ಚಾಗಿದ್ದರೆ, ಸಾಲ ಕೊಟ್ಟವರೆಲ್ಲರೂ ಜಂಟಿ ವೇದಿಕೆಯೊಂದನ್ನು ರಚಿಸಿಕೊಳ್ಳುವುದು ಆಗ ಕಡ್ಡಾಯವಾಗಿತ್ತು. 2018ರಲ್ಲಿ ಆ ವೇದಿಕೆಯ ಪದ್ಧತಿ ರದ್ದಾಯಿತು. ಆದರೂ ಅಂಕಿಯ ಬೆನ್ನಿಗೇ ಕಾರ್ಯವನ್ನು ಕಟ್ಟಿದ್ದು ಗಮನಾರ್ಹ ಸಂಗತಿ.

ಒಬ್ಬನೇ ಸಾಲಗಾರ ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಕಾಣಿಸಿಕೊಂಡರೆ ಕೂಡಿಸಿದ ಲೆಕ್ಕವೆಲ್ಲ ವ್ಯರ್ಥ. 2017ರಲ್ಲಿ ದೊಡ್ಡ ಸಾಲಗಾರ ಸಂಸ್ಥೆಗಳಿಗೆ 20 ಅಕ್ಷರ-ಅಂಕಿಗಳ ಜಾಗತಿಕ ಗುರುತು ಸಂಕೇತವನ್ನು ಹಂತ ಹಂತವಾಗಿ ಕಡ್ಡಾಯಗೊಳಿಸಿದ್ದರಿಂದ ಈ ತೊಡಕಿಗೆ ಪರಿಹಾರವೊಂದು ದೊರೆಯಿತು.

ರಘುರಾಂ ರಾಜನ್ ಅವರು ಗವರ್ನರ್ ಆಗಿದ್ದಾಗ, 2015ರಲ್ಲಿ, ಬ್ಯಾಂಕುಗಳ ಆಸ್ತಿ ಗುಣಮಟ್ಟದ ವಿಶೇಷ ಪರಿಶೀಲನೆ ನಡೆಯಿತು. ಒಟ್ಟು ಸಾಲದಲ್ಲಿ ಅನುತ್ಪಾದಕ ಸಾಲದ ಪ್ರಮಾಣ 2015ರ ಮಾರ್ಚಿನಲ್ಲಿ ಸುಮಾರು ಶೇಕಡ 4.3 ಇದ್ದುದು ಮರುವರ್ಷ 7.5ಕ್ಕೂ, 2018ರಲ್ಲಿ 11.2ಕ್ಕೂ ಏರಿತು. ಸಾಲಗಳೆಲ್ಲ ಒಂದೇ ವರ್ಷದಲ್ಲಿ ಹಾಳಾದವೆಂದು ಇದರ ಅರ್ಥವಲ್ಲ. ಮರೆಯಲ್ಲಿದ್ದುದರಲ್ಲಿ ಬಹುಪಾಲು ಬೆಳಕಿಗೆ ಬಂದಿತು. ಅಹಿತವಾದ ಉತ್ತರವನ್ನು ಒಪ್ಪಿಕೊಳ್ಳಲು ಅಧಿಕಾರಸ್ಥರು ಸಿದ್ಧರಿಲ್ಲದಿದ್ದರೆ ಆ ಭಂಡಾರ ಮತ್ತೊಂದು ಕಡತವಾಗಿ ಉಳಿದುಬಿಡುತ್ತಿತ್ತು. 2024ರ ಮಾರ್ಚಿನ ವೇಳೆಗೆ ಈ ಪ್ರಮಾಣ 2.8ಕ್ಕೆ ಇಳಿಯಿತು. 2016ರ ದಿವಾಳಿತನ ಸಂಹಿತೆ, ಲೆಕ್ಕದಿಂದ ಸಾಲಗಳನ್ನು ತೆಗೆದುಹಾಕಿದ ಕ್ರಮ, ಇವೂ ಅದಕ್ಕೆ ಕಾರಣಗಳು. ಇಳಿಕೆಯ ಶ್ರೇಯಸ್ಸೆಲ್ಲ ಅಂಕಿ-ಅಂಶಗಳದೇ ಎನ್ನಲಾಗದು.

ಸಣ್ಣ ವ್ಯವಹಾರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ಮಾಟುಂಗಾ, ಮುಲುಂಡ್, ಬೊರಿವಲಿಗಳಲ್ಲಿ ಶಾಖೆಗಳುಳ್ಳ ಉಡುಪಿ ಹೋಟೆಲೊಂದನ್ನು ಕಲ್ಪಿಸಿಕೊಳ್ಳಬಹುದು. ‘ವ್ಯಾಪಾರ ವೃದ್ಧಿ ಹೇಗೆ?’ ಎಂಬುದು ಲೆಕ್ಕಕ್ಕೆ ಸಿಗುವ ಪ್ರಶ್ನೆಯಲ್ಲ. ‘ಸೋಮವಾರದ ಇಡ್ಲಿಗೆ ಎಷ್ಟು ಅಕ್ಕಿ, ಉದ್ದು ನೆನೆಹಾಕಬೇಕು?’ ಎಂಬುದು ಸಿಗುವ ಪ್ರಶ್ನೆ. ಒಂದು ಶಾಖೆ ಇಡ್ಲಿಯನ್ನು ಪ್ಲೇಟಿನ ಲೆಕ್ಕದಲ್ಲಿ, ಇನ್ನೊಂದು ಬಿಡಿಯಾಗಿ, ಮತ್ತೊಂದು ಬರಿದೇ ‘ತಿಂಡಿ’ ಎಂದು ಬರೆದಿದ್ದರೆ ಮೊದಲು ಆ ವ್ಯತ್ಯಾಸವನ್ನು ಸರಿಪಡಿಸಬೇಕು. ಬೇಸರದ ಈ ಕೆಲಸಕ್ಕೆ ವಿಶ್ಲೇಷಣೆಗಿಂತಲೂ ಹೆಚ್ಚು ಕಾಲ ಹಿಡಿಯುವುದುಂಟು. ಅದಕ್ಕೆ ಬೇಕಾದ ವೆಚ್ಚವನ್ನು ಆರಂಭದಲ್ಲೇ ತೆಗೆದಿರಿಸುವುದು ಲೇಸು. ಮೊದಲು ಒಂದೇ ಶಾಖೆಯಲ್ಲಿ, ಒಂದೇ ತಿಂಡಿಯ ಮಟ್ಟಿಗೆ ಪ್ರಯೋಗ ನಡೆಸಿದರೆ ನಷ್ಟದ ಭಯವೂ ಕಡಿಮೆ. ಹಿಟ್ಟು ರುಬ್ಬಿಸುವ ಅಡುಗೆಯ ಮುಖ್ಯಸ್ಥನು ಮೊದಲ ದಿನದಿಂದಲೇ ಈ ಕೆಲಸದಲ್ಲಿ ಪಾಲುಗೊಳ್ಳಬೇಕು. ಉತ್ತರವನ್ನು ಬಳಸಬೇಕಾದವನು ಅವನೇ.

ಇಲ್ಲಿ ಮತ್ತೊಂದು ಎಚ್ಚರವೂ ಅಗತ್ಯ. ಮಾರಾಟದ ಲೆಕ್ಕವು ಮಾರಾಟವಾದುದನ್ನಷ್ಟೇ ಹೇಳುತ್ತದೆ. ಹತ್ತು ಗಂಟೆಗೇ ಇಡ್ಲಿ ಮುಗಿದುದನ್ನು ಗಲ್ಲಾದಲ್ಲಿ ಕುಳಿತವನು ಗುರುತು ಮಾಡದಿದ್ದರೆ, ಅನಂತರ ಬಂದು ಹಿಂದಿರುಗಿದ ಗಿರಾಕಿಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ.