ಉಂಗುರ ಬಿದ್ದ ಕರು, ಬೂಷ್ಟು ಹಿಡಿದ ಹಿಂಡಿ

ಮಲೆನಾಡಿನ ಪಶು ಆಸ್ಪತ್ರೆಯಲ್ಲಿ ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಕರುಗಳ ಸರದಿ ಶುರುವಾಗುತ್ತದೆ. ಕಣ್ಣಿನ ಸುತ್ತ, ಕಿವಿಯ ಬುಡದಲ್ಲಿ, ಕುತ್ತಿಗೆಯ ಮೇಲೆ ಬೂದಿ ಬಣ್ಣದ ದಪ್ಪ ಹಕ್ಕಳೆ, ಕೂದಲು ಉದುರಿದ ದುಂಡನೆಯ ಬೋಳು. "ಹುಳುಕಡ್ಡಿ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ" ಎನ್ನುತ್ತಾರೆ ರೈತರು. ಇಂಜೆಕ್ಷನ್ ಹಾಕಲಿಲ್ಲವೆಂದರೆ ಡಾಕ್ಟರಿಗೆ ಏನೂ ಗೊತ್ತಿಲ್ಲವೆಂದೇ ಅರ್ಥ. ಆದರೆ ಇದು ಟ್ರೈಕೊಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರದ ಕೆಲಸ. ಆ ಇಂಜೆಕ್ಷನ್ನಿನ ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಶಿಲೀಂಧ್ರದ ಗೋಡೆ ಕಟ್ಟಿರುವುದು ಕೈಟಿನ್, ಗ್ಲುಕಾನ್‌ಗಳಿಂದ. ಎಷ್ಟು ಚುಚ್ಚಿದರೂ ಅದಕ್ಕೆ ತಟ್ಟುವುದಿಲ್ಲ. ಪೆನಿಸಿಲಿನ್ ಸಹ ಒಂದು ಶಿಲೀಂಧ್ರದಿಂದಲೇ ಬಂದದ್ದು ಎಂದು ಹೇಳಿದರೆ ರೈತರು ನಗುತ್ತಾರೆ, ನಂಬುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ದೊಡ್ಡ ಲ್ಯಾಬ್ ಬೇಕಿಲ್ಲ. ಗಾಯವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಅಂಚಿನಿಂದ ಕೆರೆದುಕೊಳ್ಳಬೇಕು. ನಡುವಿನ ಬೋಳಿನಲ್ಲಿ ಸಿಗುವುದು ಕಡಿಮೆ. ಶಿಲೀಂಧ್ರ ಹೊರಗೆ ಹೊರಗೆ ಹಬ್ಬುತ್ತಾ ಹೋಗಿರುತ್ತದೆ. ಅಂಚಿನಲ್ಲಿ ಅರ್ಧಕ್ಕೆ ಮುರಿದು ನಿಂತ ಮಂಕು ಕೂದಲುಗಳನ್ನು ಚಿಮುಟದಿಂದ ಕಿತ್ತು ಗಾಜಿನ ಪಟ್ಟಿಯ ಮೇಲಿಟ್ಟು, ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟು ಕವರ್ ಸ್ಲಿಪ್ ಮುಚ್ಚಿದರಾಯಿತು. ಆಮೇಲೆ ಕಾಯಬೇಕು, ಹೆಚ್ಚಿನವರು ಸೋಲುವುದು ಇಲ್ಲೇ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಚರ್ಮದ ಚೂರುಗಳೆಲ್ಲ ಕರಗಿ ತಿಳಿಯಾಗಿರುತ್ತವೆ. ಸೂಕ್ಷ್ಮದರ್ಶಕದ ಮಸೂರದಡಿ ಕೂದಲಿನ ದಂಟಿನ ಹೊರಮೈಗೆ ದುಂಡು ಬೀಜಾಣುಗಳು ಮಣಿಸರದಂತೆ ಸಾಲಾಗಿ ಅಂಟಿಕೊಂಡಿರುವುದು ಕಾಣುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಪುಸ್ತಕದ ಚಿತ್ರ ನೋಡಿದ್ದಕ್ಕೂ, ಕರು ಹೊರಗೆ ಕೂಗುತ್ತಿರುವಾಗ ಅದರದೇ ಕೂದಲಲ್ಲಿ ಇದನ್ನು ಕಂಡದ್ದಕ್ಕೂ ಬಹಳ ವ್ಯತ್ಯಾಸ. ಒಮ್ಮೆ ಒಬ್ಬ ಅಜ್ಜಿಯನ್ನು ಕರೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ ಇಣುಕಿದವರು, "ಇಷ್ಟೊಂದು ಉಂಟಾ ಮಾರಾಯ್ರೇ!" ಎಂದರು. ಆ ಮನೆಯಲ್ಲಿ ಮತ್ತೆ ಯಾರೂ ಇಂಜೆಕ್ಷನ್ ಕೇಳಲಿಲ್ಲ.

ಬೆಂಗಳೂರಿನಲ್ಲಿ ಪ್ರಾಕ್ಟೀಸ್ ಮಾಡುವ ಸ್ನೇಹಿತನೊಬ್ಬ ನೇರಳಾತೀತ ದೀಪ ಹಿಡಿದು ಬೆಕ್ಕಿನ ಮೈ ನೋಡುತ್ತಾನೆ. ಮೈಕ್ರೋಸ್ಪೋರಮ್ ಕ್ಯಾನಿಸ್ ಇದ್ದರೆ ಕೂದಲು ಹಸಿರಾಗಿ ಹೊಳೆಯಬಹುದು. ಹೊಳೆಯದಿದ್ದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಪರ್ಷಿಯನ್ ಬೆಕ್ಕುಗಳಂತೂ ಮೈಮೇಲೆ ಒಂದೂ ಗುರುತಿಲ್ಲದೆ ಇದನ್ನು ಹೊತ್ತು ತಿರುಗಬಲ್ಲವು. ದನದ ಶಿಲೀಂಧ್ರ ಆ ದೀಪಕ್ಕೆ ಹೊಳೆಯುವುದೇ ಇಲ್ಲ. ಹಾಗಾಗಿ ಅಂಥ ದೀಪ ಕೊಳ್ಳುವ ಯೋಚನೆ ನನಗೆ ಬಂದಿಲ್ಲ.

ಕರುವಿನ ಹುಳುಕಡ್ಡಿಯ ಇನ್ನೊಂದು ಗುಟ್ಟೆಂದರೆ, ಕೆಲವು ತಿಂಗಳಲ್ಲಿ ಅದು ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತದೆ. ಆದ್ದರಿಂದಲೇ ಸೊಪ್ಪಿನ ರಸ, ಮಂತ್ರಿಸಿದ ಬೂದಿ, ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್, ಎಲ್ಲಕ್ಕೂ ಒಳ್ಳೆಯ ಹೆಸರು. ಆಯಿಲ್ ಬಳಿದ ಕರು ಅದನ್ನು ನೆಕ್ಕುತ್ತದೆ, ಚರ್ಮ ಬೇರೆ ಸುಡುತ್ತದೆ. ಅದನ್ನು ಕಡ್ಡಾಯವಾಗಿ ಬಿಡಿಸುತ್ತೇನೆ. ಅದಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನ ಮೂರು ಔಷಧ ಬೆರೆತ ಕ್ರೀಮು. ಅದರೊಳಗಿನ ಸ್ಟೀರಾಯ್ಡ್ ಕೆಂಪು, ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಚರ್ಮದ ಪ್ರತಿರೋಧವನ್ನೂ ಜೊತೆಗೇ ಅಡಗಿಸುತ್ತದೆ. ವಾಸಿಯಾಯಿತು ಎಂದು ಕೈಬಿಟ್ಟಾಗ ಉಂಗುರ ಅಂಗೈಯಗಲವಾಗಿ ವಾಪಸ್ ಬರುತ್ತದೆ.

ತಾನಾಗಿಯೇ ಹೋಗುವುದಾದರೆ ಔಷಧ ಯಾಕೆ? ಕರುವನ್ನು ತಬ್ಬಿಕೊಂಡು ಕೂರುವ ಮಕ್ಕಳಿದ್ದಾರಲ್ಲ, ಅವರಿಗಾಗಿ. ಕರುವಿಗೆ ಉಂಗುರ ಕಂಡರೆ ಮೊದಲು ಮಕ್ಕಳ ತೋಳು, ಹಾಲು ಕರೆಯುವವರ ಮುಂಗೈ ನೋಡುತ್ತೇನೆ. ಎಷ್ಟೋ ಸಲ ಅಲ್ಲೂ ಇರುತ್ತದೆ. ಆಮೇಲೆ ಕೊಟ್ಟಿಗೆ. ಕರು ಮೈಯುಜ್ಜುವ ಗೂಟ, ಹಗ್ಗ, ಗೋಡೆಗಳಲ್ಲಿ ಉದುರಿದ ಹಕ್ಕಳೆಯೊಳಗೆ ಬೀಜಾಣುಗಳು ವರ್ಷ ಮೀರಿ ಬದುಕಿರಬಲ್ಲವು. ಹಕ್ಕಳೆ ಮೆತ್ತಗೆ ಮಾಡಿ ತೆಗೆದು, ಒಟ್ಟುಮಾಡಿ ಸುಟ್ಟು, ಗಾಯಕ್ಕೆ ಔಷಧ ಹಚ್ಚಿ, ಗೂಟವನ್ನು ತಿಕ್ಕಿ ತೊಳೆದ ಮೇಲೆ ಬ್ಲೀಚಿಂಗ್ ನೀರು. ಕೊಳೆಯ ಮೇಲೇ ಸುರಿದ ಬ್ಲೀಚಿಂಗ್ ದಂಡ. ಕರುವನ್ನು ಬಿಸಿಲಿಗೆ ಕಟ್ಟಿ ಎನ್ನಲು ಮಾತ್ರ ನಮ್ಮ ಕಡೆ ನಾಚಿಕೆಯಾಗುತ್ತದೆ. ಜುಲೈಯಲ್ಲಿ ಬಿಸಿಲು ಎಲ್ಲಿಂದ ತರಲಿ?

ನಾವೇ ಬಾಗಿಲು ತೆರೆದು ಕರೆದುಕೊಳ್ಳುವ ಶಿಲೀಂಧ್ರವೂ ಇದೆ. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಟ್ಯೂಬ್ ಮೇಲೆ ಟ್ಯೂಬ್ ಏರಿಸಿದ ಹಸು, ತೊಟ್ಟನ್ನು ಸರಿಯಾಗಿ ಒರೆಸದೆ, ಒಂದೇ ತೂರುನಳಿಕೆಯನ್ನು ನಾಲ್ಕು ಮನೆಗೆ ತಿರುಗಿಸಿದ ಕೈ. ಆ ದಾರಿಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ಒಳಹೊಕ್ಕರೆ ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಬದಲಿಗೆ ಯೀಸ್ಟಿನ ಪ್ರತಿಸ್ಪರ್ಧಿ ಬ್ಯಾಕ್ಟೀರಿಯಾಗಳನ್ನು ಆಂಟಿಬಯಾಟಿಕ್ಕೇ ಖಾಲಿ ಮಾಡಿಕೊಟ್ಟಿರುತ್ತದೆ. ಹಾಲು ನೀರಾಗಿ, ಹಿಂಜು ಹಿಂಜಾಗಿ ಬರುತ್ತದೆ. ರೈತ "ಇನ್ನೂ ಸ್ಟ್ರಾಂಗ್ ಟ್ಯೂಬ್ ಕೊಡಿ" ಎನ್ನುವ ಹೊತ್ತಿಗೆ ಕೊಡಬೇಕಾದದ್ದು ಟ್ಯೂಬ್ ಅಲ್ಲ, ಹಾಲಿನ ಸ್ಯಾಂಪಲ್ ತೆಗೆಯುವ ಬಾಟಲಿ. ಯೀಸ್ಟ್ ಎಂದು ಗೊತ್ತಾದರೆ ಟ್ಯೂಬ್ ನಿಲ್ಲಿಸಿ ದಿನಕ್ಕೆ ಹಲವು ಸಲ ಪೂರ್ತಿ ಹಿಂಡಿ ತೆಗೆಯಲು ಹೇಳುತ್ತೇನೆ. ಬಹಳಷ್ಟು ಹಸುಗಳಿಗೆ ಅಷ್ಟೇ ಸಾಕಾಗುತ್ತದೆ. ಔಷಧ ನಿಲ್ಲಿಸಿದ್ದಕ್ಕೆ ಫೀಸು ಕೇಳುವುದು ಕಷ್ಟ, ಅದು ಬೇರೆ ಮಾತು.

ನಾಯಿಯ ಕಿವಿ ಸೋರುವುದಕ್ಕೂ ಹಲವು ಸಲ ಮಲಸೇಜಿಯಾ ಯೀಸ್ಟ್ ಇರುತ್ತದೆ. ಹತ್ತಿಕಡ್ಡಿಯನ್ನು ಸ್ಲೈಡಿನ ಮೇಲೆ ಉರುಳಿಸಿ ಬಣ್ಣ ಹಾಕಿದರೆ ತಿಳಿಯುತ್ತದೆ. ಕೋಳಿಮರಿಗಳದ್ದು ಬೇರೆ ಕಥೆ. ಒದ್ದೆ ಹೊಟ್ಟು ಹಾಸಿದ ಶೆಡ್ಡಿನಲ್ಲಿ ಮರಿಗಳು ಸದ್ದಿಲ್ಲದೆ ಬಾಯಿ ತೆರೆದು ಉಸಿರೆಳೆಯುತ್ತವೆ. ಕೊಯ್ದು ನೋಡಿದರೆ ಶ್ವಾಸಕೋಶದ ತುಂಬ ಹಳದಿ ಗಂಟುಗಳು. ಆಸ್ಪರ್ಜಿಲಸ್ ಫ್ಯೂಮಿಗೇಟಸ್. ಗಂಟು ಕಟ್ಟಿದ ಮರಿಗೆ ಮಾಡುವುದೇನೂ ಉಳಿದಿರುವುದಿಲ್ಲ. ಹೊಟ್ಟು ಬದಲಿಸಿ ಉಳಿದವನ್ನು ಉಳಿಸಿಕೊಳ್ಳಬೇಕು.

ಕೆಲವು ಶಿಲೀಂಧ್ರಗಳು ದನದ ಮೈ ಮುಟ್ಟುವುದೂ ಬೇಡ, ಹಿಂಡಿಯಲ್ಲಿ ಬೆಳೆದು ವಿಷ ಬಿಟ್ಟರಾಯಿತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರು ತಲುಪಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಗೆ, ಅದರಲ್ಲಿದ್ದ ಅಫ್ಲಾಟಾಕ್ಸಿನ್‌ಗೆ. ನಮ್ಮ ಕೊಟ್ಟಿಗೆಗೂ ಕಡಲೆಕಾಯಿ ಹಿಂಡಿಯೇ ತಾನೆ ಬರುವುದು. ಹಸು ತಿಂದ ವಿಷ ರೂಪ ಬದಲಿಸಿ ಅಫ್ಲಾಟಾಕ್ಸಿನ್ ಎಂ1 ಆಗಿ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ನಿಯಮದಂತೆ ಕಿಲೋ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರುವಂತಿಲ್ಲ.

ಬೂಷ್ಟು ಹಿಡಿದ ಹಿಂಡಿಯ ಬಗ್ಗೆ ನನ್ನೊಂದಿಗೆ ಜಗಳಕ್ಕೇ ನಿಂತವರು ಹಿರಿಯರೊಬ್ಬರು. ಗೋಡೆಗೆ ಒರಗಿಸಿಟ್ಟ ಚೀಲದ ತಳದಲ್ಲಿ ಹಿಂಡಿ ಹಸಿರು ಬೂಷ್ಟು ಹಿಡಿದು ಗಟ್ಟಿಯಾಗಿತ್ತು. "ಬಿಸಿಲಿಗೆ ಹಾಕಿ ಒಣಗಿಸಿ ಕೊಟ್ಟರಾಯ್ತು, ದನಕ್ಕೆ ಏನಾಗುತ್ತೆ?" ಎಂದರು. ಬೂಷ್ಟು ಒಣಗುತ್ತದೆ, ವಿಷ ಅಲ್ಲೇ ಇರುತ್ತದೆ ಎಂದೆ. ಹಸು ಹಾಲು ಕಡಿಮೆ ಮಾಡಿದ್ದು, ಮೇವು ಬಿಟ್ಟದ್ದು ಅವರಿಗೆ ದೃಷ್ಟಿಯ ಲೆಕ್ಕ. ಕೊನೆಗೆ ಆ ಹಸುವಿನ ಹಾಲು ಕುಡಿಯುತ್ತಿದ್ದ ಮೊಮ್ಮಗಳ ಹೆಸರು ಎತ್ತಿದ ಮೇಲೆ ಎದ್ದು ಹೋಗಿ ಚೀಲವನ್ನು ಗೊಬ್ಬರದ ಗುಂಡಿಗೆ ಮಗುಚಿದರು. ಈಗ ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಹಿಂಡಿ ತರುತ್ತಾರೆ, ಚೀಲವನ್ನು ನೆಲದಿಂದೆತ್ತಿ ಗೋಡೆಗೆ ತಾಗದಂತೆ ಹಲಗೆಯ ಮೇಲಿಡುತ್ತಾರೆ. ಮಿಲ್ಲಿನವನಿಂದಲೂ ಚೀಲ ಬಿಚ್ಚಿಸಿ, ತಳದ ತನಕ ಕೈ ಹಾಕಿ ನೋಡಿಯೇ ದುಡ್ಡು ಕೊಡುತ್ತಾರಂತೆ.