ವಸ್ತಿ ಮತ್ತು ಮೊಕ್ಕಾಂ: ಕ್ಯಾಂಪಿಂಗ್‌ನ ಎರಡು ದಾರಿ

ಕ್ಯಾಂಪಿಂಗ್ ಅಂದಕೂಡಲೇ ನಮ್ಮ ಹಾಸ್ಟೆಲ್‌ಗಳಲ್ಲಿ ಚಿಕ್ಕಮಗಳೂರು, ಬಾಡಿಗೆ ಟೆಂಟು, ರಾತ್ರಿ ಬೆಂಕಿ ಅಂತ ಮಾತು ಶುರುವಾಗ್ತದೆ. ಅದೇನೋ ಹೊರಗಿನಿಂದ ಬಂದ ಹವ್ಯಾಸ ಅನ್ನೋ ಹಾಗೆ. ಆದರೆ ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಸೂಟಿಯಂಥ ಊರುಗಳ ಮಾತಿನಲ್ಲಿ ಇದಕ್ಕೆ ಎರಡು ಹಳೇ ಪದಗಳಿವೆ. ದಾರಿಯಲ್ಲಿ ಒಂದು ರಾತ್ರಿ ತಂಗಿ ಬೆಳಗಾದರೆ ಮುಂದೆ ಹೊರಡೋದು ವಸ್ತಿ. ಗಂಟು ಬಿಚ್ಚಿ, ಒಲೆ ಹೂಡಿ, ನಾಲ್ಕು ದಿನ ಅಲ್ಲೇ ಇರೋದು ಮೊಕ್ಕಾಂ. ಈ ಎರಡು ಪದ ಕೈಯಲ್ಲಿದ್ದರೆ ಬ್ರಿಟಿಷರ ಮತ್ತು ಫ್ರೆಂಚರ ಕ್ಯಾಂಪಿಂಗ್ ಯಾಕೆ ಬೇರೆ ಬೇರೆ ಅನ್ನೋದು ಸುಲಭವಾಗಿ ತಿಳೀತದೆ.

ಬ್ರಿಟನ್ನಿನ ವಸ್ತಿ

ಬ್ರಿಟನ್ನಿನಲ್ಲಿ ಹವ್ಯಾಸದ ಕ್ಯಾಂಪಿಂಗ್‌ಗೆ ದಾರಿ ಹಾಕಿದವರಲ್ಲಿ ಮುಖ್ಯನಾದವ ಥಾಮಸ್ ಹೈರಮ್ ಹೋಲ್ಡಿಂಗ್. ವೃತ್ತಿಯಿಂದ ದರ್ಜಿ. 1901ರಲ್ಲಿ ಅವನು ಸೈಕಲ್ ಮೇಲೆ ಹೋಗಿ ಬಯಲಲ್ಲಿ ತಂಗುವವರ ಸಂಘ ಕಟ್ಟಿದ. 1908ರಲ್ಲಿ ಕೈಪಿಡಿ ಬರೆದ. ಟೆಂಟು, ಹಾಸಿಗೆ, ಅಡಿಗೆ ಸಾಮಾನು ಎಲ್ಲ ಒಂದು ಸೈಕಲ್ ಮೇಲೆ ಕೂಡಬೇಕು. ಅಂದರೆ ನಮ್ಮ ಭಾಷೆಯಲ್ಲಿ ಇದು ತೂಕ ಇಳಿಸುವ ಡಿಸೈನ್ ಪ್ರಾಬ್ಲೆಮ್. ಜೊತೆಗೆ ಅಲ್ಲಿ ಮಳೆ ಯಾವಾಗ ಬರ್ತದೆ ಹೇಳೋಕಾಗಲ್ಲ, ಹಾಗಾಗಿ ಟೆಂಟು ಹಗುರವೂ ಇರಬೇಕು, ಸೋರಲೂಬಾರದು.

ಕಾನೂನೂ ವಸ್ತಿಗೇ ಒಗ್ಗುವಂತಿದೆ. 1938ರ ಸಂಬಳಸಹಿತ ರಜೆಯ ಕಾಯ್ದೆ ಲೆಕ್ಕ ಹಿಡಿದದ್ದು ಒಂದೇ ವಾರ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯಿಂದ ಬಯಲು ನೆಲದಲ್ಲಿ ತಂಗುವ ಹಕ್ಕಿದೆ, ಆದರೆ ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿ ಮೀರಬಾರದು ಅನ್ನೋದು ಅಲ್ಲಿನ ನಿಯಮಾವಳಿಯ ಮಾತು.

ಫ್ರಾನ್ಸಿನ ಮೊಕ್ಕಾಂ

ಫ್ರಾನ್ಸಿನಲ್ಲಿ 1936ರಲ್ಲಿ ಲಿಯೋನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರ ಸಂಬಳಸಹಿತ ರಜೆ ಕೊಟ್ಟಿತು. ಅಗ್ಗದ ರೈಲು ಟಿಕೆಟನ್ನೂ ಕೊಟ್ಟಿತು. 1956ರಲ್ಲಿ ರಜೆ ಮೂರು ವಾರ, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರ ಆಯಿತು. ಇಷ್ಟು ದಿನ ಹೋಟೆಲಿನಲ್ಲಿರೋದು ಕಾರ್ಮಿಕರ ಜೇಬಿಗೆ ಎಟುಕದ ಮಾತು. ಹೀಗಾಗಿ ಜುಲೈ–ಆಗಸ್ಟ್‌ನಲ್ಲಿ ಮನೆಮಂದಿಯೆಲ್ಲ ಸಮುದ್ರದ ಹತ್ತಿರ ಒಂದು ಜಾಗ ಹಿಡಿದು ದೊಡ್ಡ ಟೆಂಟು ಹಾಕೋದು, ಮೇಜು ಕುರ್ಚಿ ಹೊರಗಿಡೋದು, ಪಕ್ಕದ ಟೆಂಟಿನವರ ಜೊತೆ ಕೂತು ಉಣ್ಣೋದು ರೂಢಿಯಾಯಿತು. ಎಷ್ಟೋ ಊರುಗಳಲ್ಲಿ ಸ್ಥಳೀಯ ಆಡಳಿತವೇ ಕ್ಯಾಂಪಿಂಗ್ ಮೈದಾನ ನಡೆಸ್ತದೆ: ನೀರು, ಶೌಚಾಲಯ, ಬಟ್ಟೆ ಒಗೆಯುವ ಜಾಗ ಎಲ್ಲ ಸಮೇತ. ಮೈದಾನಗಳಿಗೆ ಹೋಟೆಲಿನ ಹಾಗೆ ಒಂದರಿಂದ ಐದು ನಕ್ಷತ್ರದ ದರ್ಜೆಯೂ ಉಂಟು.

ಎಲ್ಲ ಬ್ರಿಟಿಷರೂ ಅಲೆದಾಡ್ತಾರೆ, ಎಲ್ಲ ಫ್ರೆಂಚರೂ ಕೂತೇ ಇರ್ತಾರೆ ಅಂತಲ್ಲ. ಆದರೆ ರಜೆ ಎಷ್ಟು, ನೆಲ ಯಾರದು, ನೀರು ಕೊಡೋರು ಯಾರು: ಈ ಮೂರರ ಮೇಲೆ ರೂಢಿ ನಿಲ್ತದೆ.

ನಮ್ಮಲ್ಲಿ ಎರಡೂ ಇದ್ದವು

ಈಗ ನಮ್ಮ ಕಡೆ ನೋಡೋಣ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ, ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆ ಭಾರತ ಹುಣ್ಣಿಮೆಗೆ. ಎರಡೂ ಜನವರಿ–ಫೆಬ್ರುವರಿ ಆಸುಪಾಸು. ಎರಿ ಹೊಲದಲ್ಲಿ ಹಿಂಗಾರಿ ಜೋಳ ನಿಂತಿರ್ತದೆ, ಸುಗ್ಗಿ ಇನ್ನೂ ಜೋರಾಗಿರೋದಿಲ್ಲ, ಮಳೆ ಅಂಜಿಕೆಯೂ ಇಲ್ಲ. ರೈತನಿಗೆ ಇದೇ ಸಂಬಳವಿಲ್ಲದ ರಜೆ.

ಎತ್ತಿನ ಬಂಡಿ ಗಂಟೆಗೆ 3–4 ಕಿ.ಮೀ. ನಡೀತದೆ. 30 ಕಿ.ಮೀ. ದಾರಿ ಅಂದರೂ 8–10 ಗಂಟೆ. ಮಧ್ಯಾಹ್ನ ಎತ್ತು ಬಿಚ್ಚಿ ಮೇವು ನೀರು ಕೊಟ್ಟರೆ ಕತ್ತಲಾಯ್ತು, ವಸ್ತಿ ಬಂತು. ಬಂಡಿಯ ಕೊಲ್ಲಾರಿಯೇ ಟೆಂಟು. ಬುತ್ತಿಯಲ್ಲಿ ನೀರಿನಂಶ ಕಡಿಮೆಯಾದ, ಬಹಳ ದಿನ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹೋಲ್ಡಿಂಗ್ ಸೈಕಲ್ಲಿಗೆ ಹಾಕಿದ ಲೆಕ್ಕವನ್ನೇ ನಮ್ಮ ಅಜ್ಜಿಯರು ಬುತ್ತಿಗೆ ಹಾಕಿದ್ದರು.

ಗುಡ್ಡ ಮುಟ್ಟಿದ ಮೇಲೆ ಮೊಕ್ಕಾಂ. ಮೂರು ಕಲ್ಲಿನ ಒಲೆ, ಹೋಳಿಗೆ, ಕಡಬು, ಪಡ್ಡಲಗಿ ತುಂಬಿಸೋದು, ನೆರೆಯ ಬಂಡಿಯವರಿಗೆ ಹಂಚೋದು. ಬನಶಂಕರಿಯಲ್ಲಿ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಠಿಕಾಣಿ ಹೂಡ್ತಾವೆ. ಅದನ್ನು ಅವರು ಕರೆಯೋದೇ ‘ಕ್ಯಾಂಪ್’ ಅಂತ!

ಲೆಕ್ಕ ಹಾಕೋಣ ಬನ್ರಿ

ಟ್ರ್ಯಾಕ್ಟರ್, ಟೆಂಪೋ, ಬಸ್ಸು ಬಂದ ಮೇಲೆ ದಾರಿಯ ವಸ್ತಿ ಬಹುಮಟ್ಟಿಗೆ ಹೋಯಿತು. ಅದರ ಬಗ್ಗೆ ಅತ್ತರೆ ಪ್ರಯೋಜನವಿಲ್ಲ. ಸಮಯ ಉಳಿದದ್ದು ಒಳ್ಳೇದೇ. ಆದರೆ ಮೊಕ್ಕಾಂ ಉಳೀಬೇಕಾದರೆ ಏನು ಬೇಕು ಅನ್ನೋದು ಎಂಜಿನಿಯರ್‌ಗಳ ಪ್ರಶ್ನೆ.

ಒಂದು ಬಂಡಿಗೆ 6 ಜನ, 2 ಎತ್ತು ಅಂತ ಹಿಡಿಯಿರಿ. ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದಂತೆ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ಅಂದರೆ 90 ಲೀಟರ್. ಎತ್ತಿಗೆ ಅಂದಾಜು 40ರಂತೆ 80. ಒಟ್ಟು 170 ಲೀಟರ್. ಇಂಥ 1000 ಬಂಡಿ ಸೇರಿದರೆ ದಿನಕ್ಕೆ 1,70,000 ಲೀಟರ್, ಅಂದರೆ 10,000 ಲೀಟರಿನ 17 ಟ್ಯಾಂಕರ್. 20 ಜನಕ್ಕೊಂದು ಶೌಚಾಲಯ ಅಂದರೆ 300 ಬೇಕು.

ವಸ್ತಿಯಲ್ಲಿ ಈ ಹೊರೆ ಹತ್ತು ಊರಿನ ಕೆರೆ ಬಾವಿಗಳಿಗೆ ಹಂಚಿ ಹೋಗ್ತಿತ್ತು. ಮೊಕ್ಕಾಂನಲ್ಲಿ ಅಷ್ಟೂ ಒಂದೇ ನೆಲದ ಮೇಲೆ ಬೀಳ್ತದೆ. ಅದಕ್ಕೇ ವಸ್ತಿಗೆ ನೆಲದವರ ಒಪ್ಪಿಗೆ ಸಾಕು, ಮೊಕ್ಕಾಂಗೆ ಜವಾಬ್ದಾರಿ ಹೊರುವವರು ಬೇಕು. ಫ್ರಾನ್ಸಿನ ಊರಾಡಳಿತಗಳು ಮಾಡಿದ್ದು ಇದನ್ನೇ. ನೀರು, ಶೌಚಾಲಯ ಇಲ್ಲದ ಕಡೆ ಮೊದಲು ಬೇಡ ಅನ್ನೋರು ಮನೆಯ ಹೆಣ್ಣುಮಕ್ಕಳು, ಅದು ನ್ಯಾಯವೇ. ಅವರು ಬರದಿದ್ದರೆ ಒಲೆ ಹೂಡೋದೂ ಇಲ್ಲ, ಪಡ್ಡಲಗಿಯೂ ಇಲ್ಲ. ಮೂರು ದಿನದ ಜಾತ್ರೆ ಮೂರು ತಾಸಿನ ದರ್ಶನವಾಗ್ತದೆ.

ನಮ್ಮ ಎನ್ನೆಸ್ಸೆಸ್ ವಿಶೇಷ ಶಿಬಿರವೂ ಏಳು ದಿನದ ಮೊಕ್ಕಾಂ ಅಲ್ಲವೇ? ಮುಂದಿನ ಸಲ ಹಳ್ಳಿಗೆ ಹೋಗುವ ಮೊದಲು ಬ್ಯಾನರ್ ಬರೆಸುವುದಕ್ಕಿಂತ ಮುಂಚೆ ಈ ಲೆಕ್ಕ ಹಾಕೋಣ: ಎಷ್ಟು ಜನ, ಎಷ್ಟು ನೀರು, ಬಳಸಿದ ನೀರು ಎಲ್ಲಿಗೆ ಹೋಗ್ತದೆ. ಹೋದ ಊರಿನಲ್ಲಿ ಬಂಡಿ ಕಟ್ಟಿ ಜಾತ್ರೆಗೆ ಹೋದ ಹಿರಿಯರು ಸಿಕ್ಕರೆ, ವಸ್ತಿಗೆ ಯಾವ ಊರು, ಯಾವ ಬಾವಿ ಅಂತ ಕೇಳಿ ಬರೆದುಕೊಂಡು ಬರೋಣ.